ಅರ್ಧ ಬಾನೆಟ್ಟಿನ ನ್ಯಾಯ

ವಿಮಾ ಕಚೇರಿಯ ಗುಮಾಸ್ತನಿಗೆ ಕಾರಿರಲಿಲ್ಲ. ಕಾರು ಓಡಿಸಲೂ ಬರುತ್ತಿರಲಿಲ್ಲ. ಹನ್ನೊಂದು ವರ್ಷಗಳಿಂದ ಅವನು ಮಾಡಿಕೊಂಡು ಬಂದ ಕೆಲಸವೆಂದರೆ ನುಜ್ಜುಗುಜ್ಜಾದ ಕಾರುಗಳ ಫೋಟೋಗಳನ್ನು ಫೈಲಿಗೆ ಅಂಟಿಸಿ, ಪಕ್ಕದಲ್ಲಿ ಸಂಖ್ಯೆ ಬರೆಯುವುದು. ಹನ್ನೊಂದು ವರ್ಷ ಎಕ್ಸ್‌ರೇ ಅಂಟಿಸಿದವನು ತನ್ನನ್ನು ತಾನು ಡಾಕ್ಟರೆಂದು ಕರೆದುಕೊಂಡರೆ ಪೊಲೀಸರು ಬರುತ್ತಾರೆ. ಕಾರಿನ ವಿಷಯದಲ್ಲಿ ಜಗತ್ತು ಅಷ್ಟು ಕಟ್ಟುನಿಟ್ಟಲ್ಲ.

ಅವನು ಬಾಡಿಗೆಗಿದ್ದದ್ದು ನೆಲಮಹಡಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರವಿತ್ತು. ಓಣಿಯ ಮಕ್ಕಳ ಶಾಲಾ ಸಮವಸ್ತ್ರಗಳೆಲ್ಲ ಅಲ್ಲೇ ಹುಟ್ಟುತ್ತಿದ್ದವು, ಕಿಟಕಿಯ ಹೊರಗೇ ನಿಂತು ಅಳತೆ ಕೊಟ್ಟು ಹೋಗುವ ಗಿರಾಕಿಗಳಿದ್ದರು. ಸಂಸಾರ ನಡೆಯುತ್ತಿದ್ದದ್ದು ಗುಮಾಸ್ತನ ಸಂಬಳದಿಂದ ಎಂದು ಗುಮಾಸ್ತ ನಂಬಿದ್ದ. ಹೆಂಡತಿ ಆ ನಂಬಿಕೆಯನ್ನು ಕೆಡಿಸಿರಲಿಲ್ಲ, ಅಷ್ಟೆ.

ಮೇಲಿನ ಮಹಡಿಯಲ್ಲಿ ಮನೆಯ ಮಾಲೀಕರು. ಮೂವತ್ತನಾಲ್ಕು ವರ್ಷ ಸರ್ಕಾರದ ಪರವಾಗಿ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ನಿವೃತ್ತರಾದವರು. ಓಣಿಯವರಿಗೆಲ್ಲ ತೂಕದ ಸಾಹೇಬರು. ಹಾಲಿನವನ ಲೀಟರನ್ನು ಇವತ್ತಿಗೂ ಅಳೆದೇ ಒಳಗೆ ತೆಗೆದುಕೊಳ್ಳುತ್ತಿದ್ದರು. ಅಳತೆ ಸರಿಯಿದ್ದ ದಿನ ಅವರ ಮುಖ ಸ್ವಲ್ಪ ಬಾಡಿರುತ್ತಿತ್ತು.

ಸಾಹೇಬರಿಗೆ ಒಂಬತ್ತು ವರ್ಷದ ಹಳೆಯ ಕಪ್ಪು ಕಾರೊಂದಿತ್ತು. ಅದು ಗುಮಾಸ್ತನ ಮುಂದಿನ ಕೋಣೆಯ ಕಿಟಕಿಗೆ ಎದುರಾಗಿ ಬಿಸಿಲಲ್ಲಿ ನಿಲ್ಲುತ್ತಿತ್ತು. ವಾರಕ್ಕೊಮ್ಮೆ ಅದರಲ್ಲಿ ಕೂತು ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬರುತ್ತಿದ್ದರು. ಉಳಿದ ಆರು ದಿನ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದರು. ಧೂಳಿನ ಮೇಲೆ ಒಣ ಬಟ್ಟೆ ಎಳೆದರೆ ಏನಾಗಬೇಕೋ ಅದೇ ಆಗಿತ್ತು. ಮಧ್ಯಾಹ್ನದ ಬಿಸಿಲಿಗೆ ಇಡೀ ಕಾರಿನ ಮೇಲೆ ಜೇಡರ ಬಲೆ ಹರಡಿದ ಹಾಗೆ ಸಣ್ಣ ಸಣ್ಣ ಗೀರುಗಳು ಸುತ್ತುಸುತ್ತಾಗಿ ಹೊಳೆಯುತ್ತಿದ್ದವು. ಸಾಹೇಬರು ಅದನ್ನು ಬಿಸಿಲಿನ ತಪ್ಪೆಂದು ತೀರ್ಮಾನಿಸಿದ್ದರು. ಸೂರ್ಯನನ್ನು ಕರೆಸಿ ನೋಟಿಸು ಕೊಡಲು ಬರುವುದಿಲ್ಲ. ಆದ್ದರಿಂದ ನೋಟಿಸನ್ನು ಗುಮಾಸ್ತನಿಗೆ ಕೊಟ್ಟರು.

ಮುಂದಿನ ಕೋಣೆಯ ಗೋಡೆ ಒಡೆದು ಕಾರಿಗೆ ಶೆಡ್ಡು ಮಾಡಿಸುತ್ತಾರಂತೆ. ಆಮೇಲೆ ಉಳಿಯುವುದು ಒಂದೇ ಕೋಣೆ. ಅಷ್ಟು ಜಾಗದಲ್ಲಿ ಸಂಸಾರ ಮಾಡುವುದು ಗುಮಾಸ್ತನಿಗೇ ಕಷ್ಟ. ಅವನ ಕಷ್ಟ ನೋಡಲಾಗದೆ, ಪೂರ್ತಿ ಮನೆಯನ್ನೇ ತಿಂಗಳ ಕೊನೆಗೆ ಖಾಲಿ ಮಾಡಿಬಿಡಲಿ ಎಂದು ಸಾಹೇಬರು ಗೇಟಿನ ಬಳಿ ನಿಂತು ಸೌಜನ್ಯದಿಂದ ಹೇಳಿದರು. ಕಿಟಕಿಯ ಒಳಗೆ ಹೊಲಿಗೆ ಯಂತ್ರ ನಿಂತುಹೋಯಿತು.

ಗುಮಾಸ್ತ ಆಗ ಬಾಯಿ ಮುಚ್ಚಿಕೊಂಡಿದ್ದರೆ ತಿಂಗಳ ಕೊನೆಯವರೆಗೆ ಸಮಯವಾದರೂ ಇತ್ತು. ಆದರೆ ಹಿಂದಿನ ದಿನ ಬಸ್ಸಿನಲ್ಲಿ ಅವನು ಫೋನಿನಲ್ಲಿ ಕಾರು ಪಾಲಿಶ್ ಮಾಡುವ ವಿಡಿಯೋ ಒಂದನ್ನು ನೋಡಿದ್ದ. ಇಳಿಯುವ ಸ್ಟಾಪು ಬಂದದ್ದರಿಂದ ಅರ್ಧವಷ್ಟೇ ನೋಡಿದ್ದ.

"ಇದಕ್ಕೆ ಶೆಡ್ಡು ಯಾಕೆ ಸರ್? ಪೇಂಟ್ ಕರೆಕ್ಷನ್ ಮಾಡಿ ಗೀರೆಲ್ಲ ಉಜ್ಜಿ ತೆಗೆದ್ರೆ ಹೊಸ ಕಾರಾಗುತ್ತೆ," ಎಂದ.

ಸಾಹೇಬರು ಕನ್ನಡಕ ಸರಿಮಾಡಿಕೊಂಡು, ನಿಮಗೆ ಆ ಕೆಲಸ ಗೊತ್ತೋ ಎಂದು ಕೇಳಿದರು.

"ಆಫೀಸಲ್ಲಿ ಇಂಥವು ಸಾವಿರಾರು ನನ್ನ ಕೈಯಲ್ಲೇ ಹಾದುಹೋಗಿವೆ ಸರ್."

ಮಾತು ನೂರಕ್ಕೆ ನೂರು ನಿಜ. ಹಾದುಹೋದದ್ದು ಫೋಟೋಗಳು. ಸಾಹೇಬರು ಕಾರುಗಳೆಂದು ತಿಳಿದರು. ತಿದ್ದುವ ಅವಕಾಶ ಗುಮಾಸ್ತನಿಗೆ ಸುಮಾರು ನಾಲ್ಕು ಸೆಕೆಂಡು ಸಿಕ್ಕಿತು. ಆ ನಾಲ್ಕು ಸೆಕೆಂಡನ್ನು ಅವನು ತಲೆ ಆಡಿಸುತ್ತ ಕಳೆದ.

ಯಾವ ಮೆಷಿನ್ನಿನಲ್ಲಿ ಮಾಡುತ್ತೀರಿ ಎಂದು ಸಾಹೇಬರು ಕೇಳಿದಾಗ ಅರ್ಧ ವಿಡಿಯೋ ಪೂರ್ತಿ ಕೆಲಸಕ್ಕೆ ಬಂತು. ಎರಡು ಜಾತಿ ಇವೆ ಸರ್, ಎಂದು ಗುಮಾಸ್ತ ವಿವರಿಸಿದ. ರೋಟರಿ ಎನ್ನುವುದು ಬುಗುರಿಯ ಹಾಗೆ ಒಂದೇ ಮೊಳೆಯ ಮೇಲೆ ಗಿರಗಿರ ತಿರುಗುತ್ತದೆ, ಗೀರುಗಳನ್ನು ಬೇಗ ಕತ್ತರಿಸುತ್ತದೆ. ಆರ್ಬಿಟಲ್ ಎನ್ನುವುದು ತಾನೂ ತಿರುಗುತ್ತದೆ, ತಿರುಗುವ ಜಾಗವನ್ನೂ ಅಲ್ಲಾಡಿಸುತ್ತದೆ, ನಿಧಾನ. ಹಾಗಾದರೆ ಯಾವುದು ಒಳ್ಳೆಯದು ಎಂದು ಸಾಹೇಬರು ಕೇಳಿದರು. ಅದು ವಿಡಿಯೋದ ಉಳಿದರ್ಧದಲ್ಲಿತ್ತು.

"ಎರಡೂ ಒಳ್ಳೇದೇ ಸರ್. ಒಂದೊಂದು ರೀತೀಲಿ."

ಮೂವತ್ತನಾಲ್ಕು ವರ್ಷ ತಕ್ಕಡಿ ಹಿಡಿದವರ ಮುಂದೆ ಆಡಬಾರದ ಮಾತು ಅದೊಂದೇ.

"ಎರಡೂ ತಟ್ಟೆ ಭಾರ ಅಂತ ಯಾವ ತಕ್ಕಡೀನೂ ಹೇಳಲ್ಲ," ಎಂದರು ಸಾಹೇಬರು. "ಬಾನೆಟ್ಟಿಗೆ ನಡುವೆ ಗೆರೆ ಎಳೀರಿ. ಈ ಅರ್ಧ ಅದು, ಆ ಅರ್ಧ ಇದು. ಭಾನುವಾರ ಮಾಡಿ ತೋರಿಸಿ. ನನಗೆ ಒಪ್ಪಿಗೆ ಆದ್ರೆ ಶೆಡ್ಡಿನ ವಿಚಾರ ಆಮೇಲೆ ನೋಡೋಣ."

ಗುಮಾಸ್ತ ಒಳಗೆ ಬಂದು, ಮನೆ ಉಳಿಯಿತು ಎಂದು ಹೆಂಡತಿಗೆ ಹೇಳಿದ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿ ತಲೆಯೆತ್ತಿದಳು.

"ಹೋದ ವರ್ಷ ಸ್ಟೂಲಿಗೆ ಬಣ್ಣ ಬಳೀತೀನಿ ಅಂತ ಹೋಗಿ ಬೆಕ್ಕಿಗೆ ಬಳಿದೋರು ನೀವು. ಈಗ ಸಾಹೇಬರ ಕಾರಾ?"

ಬೆಕ್ಕು ತಾನಾಗಿಯೇ ಬಂದು ಉಜ್ಜಿಕೊಂಡದ್ದೆಂದು ಗುಮಾಸ್ತ ನೆನಪಿಸಿದ. ಕಾರು ಹಾಗೆ ಮಾಡುವುದಿಲ್ಲ ಎಂದೂ ಸೇರಿಸಿದ.

ಓಣಿಯಲ್ಲಿ ಸುದ್ದಿಗೆ ಕಾಲಿಲ್ಲದಿದ್ದರೂ ಓಟ ಚೆನ್ನಾಗಿತ್ತು. ಸಂಜೆಗೆ ಗುಮಾಸ್ತ ವಿಮಾ ಕಂಪನಿಯ ಪೇಂಟ್ ತಜ್ಞನಾಗಿದ್ದ. ಮರುದಿನ ಬೆಳಿಗ್ಗೆ ವಿದೇಶದಲ್ಲಿ ತರಬೇತಿ ಪಡೆದಿದ್ದ. ಹಾಲಿನವನು ಸ್ಕೂಟರ್ ತಂದು ನಿಲ್ಲಿಸಿ, ಇದಕ್ಕೆ ರೋಟರಿಯೋ ಇನ್ನೊಂದೋ ಎಂದು ವಿಚಾರಿಸಿದ. ಎದುರು ಮನೆಯ ಅಜ್ಜಿ ತನ್ನ ಕಬ್ಬಿಣದ ಬೀರುವಿನ ಬಾಗಿಲು ಗೀರಿಕೊಂಡಿದೆಯೆಂದು ದೂರು ಕೊಟ್ಟರು. ಗುಮಾಸ್ತ ಇಬ್ಬರಿಗೂ ಗಂಭೀರವಾಗಿ, ಮೊದಲು ಬಿಸಿಲಿನಲ್ಲಿ ಇಟ್ಟು ನೋಡಬೇಕು ಎಂದ. ಅಜ್ಜಿ ನಾಲ್ಕು ಜನರನ್ನು ಹಿಡಿದು ಬೀರುವನ್ನು ಬೀದಿಗೆ ತರಿಸಿದರು. ಅದು ಮೂರು ದಿನ ಅಲ್ಲೇ ಬಿಸಿಲು ಕಾಯಿಸಿಕೊಳ್ಳುತ್ತಿತ್ತು.

ತಜ್ಞನ ಹತ್ತಿರ ಮೆಷಿನ್ ಇರಲಿಲ್ಲ ಎನ್ನುವುದು ಸಣ್ಣ ಕೊರತೆ. ಓಣಿಯಲ್ಲಿ ತಿರುಗುವ ಮೆಷಿನ್ ಇದ್ದದ್ದು ಟೈಲ್ಸ್ ಮೇಸ್ತ್ರಿಯ ಹತ್ತಿರ. ಅಡುಗೆಕಟ್ಟೆಯ ಗ್ರಾನೈಟ್ ಕಲ್ಲಿಗೆ ಹೊಳಪು ಕೊಡುವ ಕೈಮೆಷಿನ್. ಅದಕ್ಕೆ ಉಣ್ಣೆಯ ಪ್ಯಾಡ್ ಹಾಕಿದರೆ ಅದೇ ರೋಟರಿ ಎಂದು ಮೇಸ್ತ್ರಿ ಭರವಸೆ ಕೊಟ್ಟ. ಅಲ್ಲಾಡುತ್ತ ತಿರುಗುವ ಮೆಷಿನ್ ಇದ್ದದ್ದು ಬಡಗಿಯ ಹತ್ತಿರ. ಬಾಗಿಲು ಉಜ್ಜುವಂಥದು. ಮರಳುಕಾಗದ ಕಿತ್ತು ಸ್ಪಂಜಿನ ಪ್ಯಾಡ್ ಅಂಟಿಸಿದರೆ ಅದೇ ಆರ್ಬಿಟಲ್ ಎಂದು ಬಡಗಿಯೂ ಭರವಸೆ ಕೊಟ್ಟ.

ಮೇಸ್ತ್ರಿ ಮತ್ತು ಬಡಗಿ ಷಡ್ಡಕರು. ಅಕ್ಕತಂಗಿಯರನ್ನು ಮದುವೆಯಾಗಿ ಅಕ್ಕಪಕ್ಕದ ಮನೆಗಳಲ್ಲಿದ್ದರು. ಆರು ವರ್ಷದ ಹಿಂದೆ, ಮಾವನ ಮನೆಗೆ ಮೊದಲು ನೆಲ ಹಾಕಬೇಕೋ ಬಾಗಿಲು ಕೂರಿಸಬೇಕೋ ಎಂಬ ಪ್ರಶ್ನೆ ಎದ್ದು ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಮೊದಲು ಬಾಗಿಲು ಕೂರಿಸಿ ಆಮೇಲೆ ನೆಲ ಹಾಕಿದ್ದರಿಂದ ಮಾವನ ಮನೆಯ ಬಾಗಿಲು ಈಗಲೂ ಪೂರ್ತಿ ತೆರೆಯುವುದಿಲ್ಲ, ಮಾವ ಓರೆಯಾಗಿ ಒಳಗೆ ಹೋಗುತ್ತಾರೆ. ಅಂಥ ಇಬ್ಬರನ್ನು ಗುಮಾಸ್ತ ಒಂದೇ ಬಾನೆಟ್ಟಿನ ಎರಡು ಬದಿಗೆ ನಿಲ್ಲಿಸಿದ.

ಅವರು ಒಬ್ಬರನ್ನೊಬ್ಬರು ನೋಡದೆ ಗುಮಾಸ್ತನ ಮೂಲಕವೇ ವಾದ ಮಾಡಿದರು. ರೋಟರಿ ಎಂದರೆ ಗಂಡಸು, ಒಂದು ಸಲ ಹೇಳಿದರೆ ಕೆಲಸ ಮುಗಿಯುತ್ತದೆ, ಆ ಅಲ್ಲಾಡುವ ಮೆಷಿನ್ ಕೂದಲು ಸವರುವ ಬಾಚಣಿಗೆಯಷ್ಟೇ ಎಂದು ಮೇಸ್ತ್ರಿ ಗೋಡೆಗೆ ಹೇಳಿದ. ಬಡಗಿ ಬೀರುವಿನ ಕಡೆ ತಿರುಗಿ ಉತ್ತರ ಕೊಟ್ಟ.

"ಕಲ್ಲು ಉಜ್ಜೋರಿಗೆ ಕಲ್ಲಿನ ಬುದ್ಧೀನೇ ಬರೋದು. ಕಾರಿನ ಬಣ್ಣ ಒಂದು ಕಾಗದದಷ್ಟು ದಪ್ಪ ಇರಲ್ಲ. ಅದನ್ನ ಕೇಳ್ಕೊಂಡು ಕೇಳ್ಕೊಂಡು ಉಜ್ಜಬೇಕು ಅಂತ ನಮ್ಮ ಷಡ್ಡಕರಿಗೆ ಯಾರಾದ್ರೂ ಹೇಳ್ರಪ್ಪ."

ಅಲ್ಲಿಯವರೆಗೆ ಯಾರಾದರೂ ಆಡಿದ ಒಂದೇ ಒಂದು ಸರಿಯಾದ ಮಾತು ಅದು. ತಜ್ಞ ಹೇಳಿದ್ದಲ್ಲವಾದ್ದರಿಂದ ಯಾರೂ ಗಮನಿಸಲಿಲ್ಲ.

ಸಾಹೇಬರು ಶನಿವಾರ ನಿಯಮಗಳನ್ನು ಬರೆದು ಗೇಟಿಗೆ ಅಂಟಿಸಿದರು. ಎರಡೂ ಮೆಷಿನ್ನಿಗೆ ಕೈ ಒಂದೇ ಇರಬೇಕು, ಅದು ಗುಮಾಸ್ತನದೇ ಆಗಿರಬೇಕು. ಹಚ್ಚಿ ಉಜ್ಜುವ ಮುಲಾಮಿನಂಥ ಕಾಂಪೌಂಡ್ ಒಂದೇ ಡಬ್ಬಿಯದು, ಅಳೆದು ಎರಡೆರಡು ಚಮಚ. ಸಮಯ ತಲಾ ಹನ್ನೆರಡು ನಿಮಿಷ. ಎರಡೂ ಮೆಷಿನ್ನಿನಲ್ಲಿ ವೇಗದ ತಿರುಗುಗುಂಡಿ ಇತ್ತು, ಒಂದರಿಂದ ಆರರವರೆಗೆ ಸಂಖ್ಯೆ ಬರೆದದ್ದು. ಎರಡೂ ಐದರಲ್ಲಿರತಕ್ಕದ್ದು. ಬಾಗಿಲು ಉಜ್ಜುವ ಮೆಷಿನ್ನಿನ ಐದೂ ಗ್ರಾನೈಟ್ ಉಜ್ಜುವ ಮೆಷಿನ್ನಿನ ಐದೂ ಬೇರೆ ಬೇರೆ ಐದುಗಳೆಂದು ತೂಕ ಅಳತೆಯಲ್ಲಿ ಜೀವನ ಸವೆಸಿದವರಿಗೆ ಹೇಳುವ ಧೈರ್ಯ ಯಾರಿಗಿದೆ? ಐದು ಎಂದರೆ ಐದು.

ಕೊನೆಯ ನಿಯಮ ಒತ್ತಡದ್ದು. ಒಂದು ಕಡೆ ಜಾಸ್ತಿ ಒತ್ತಿ ಇನ್ನೊಂದು ಕಡೆ ಕಮ್ಮಿ ಒತ್ತಿದರೆ ಅದು ಅಂಗಡಿಯವನು ಹೆಬ್ಬೆರಳಿಂದ ತಟ್ಟೆ ಒತ್ತಿದ ಹಾಗೆ. ಆದ್ದರಿಂದ ಸಾಹೇಬರು ಮಹಡಿಯಿಂದ ತಮ್ಮ ಹಳೆಯ ಮೇಜಿನ ತಕ್ಕಡಿ ಇಳಿಸಿದರು. ಗುಮಾಸ್ತ ಅದರ ಮೇಲೆ ಅಂಗೈಯೂರಿ, ಮುಳ್ಳು ಸರಿಯಾಗಿ ಐದು ಕಿಲೋದ ಮೇಲೆ ನಿಲ್ಲುವ ಹಾಗೆ ಒತ್ತುವುದನ್ನು ಇಡೀ ಶನಿವಾರ ಅಭ್ಯಾಸ ಮಾಡಿದ. ನಾಲ್ಕೂಮುಕ್ಕಾಲಕ್ಕೆ ನಿಂತರೆ ಸಾಹೇಬರು ಕೆಮ್ಮುತ್ತಿದ್ದರು. ಸಂಜೆ ಹೆಂಡತಿ ತಟ್ಟೆಯಲ್ಲಿ ಅನ್ನ ಹಾಕಿದಾಗ ಅವನು ತಟ್ಟೆಯನ್ನೂ ಐದು ಕಿಲೋದಲ್ಲಿ ಒತ್ತಿ ಹಿಡಿದಿದ್ದ.

"ಅಷ್ಟೊತ್ತಿ ಆ ಕಲ್ಲಿನ ಮೆಷಿನ್ ಹಿಡಿದ್ರೆ ಬಣ್ಣ ಉಳಿಯುತ್ತೇನ್ರೀ?" ಎಂದು ಅವಳು ಕೇಳಿದಳು. "ನನ್ನ ಇಸ್ತ್ರಿಪೆಟ್ಟಿಗೇನೂ ಎಲ್ಲಾ ಬಟ್ಟೆಗೂ ಒಂದೇ ಹೊತ್ತು ಇಡಲ್ಲ ನಾನು."

ನಿನಗೆ ಇದೆಲ್ಲ ತಿಳಿಯುವುದಿಲ್ಲ ಎಂದು ಗುಮಾಸ್ತ ಹೇಳಿದ. ಹಾಗೆ ಹೇಳಿದ ಮೇಲೆ ತನಗೆ ತಿಳಿದಿರುವಂತೆ ಅವನಿಗೇ ಸ್ವಲ್ಪ ಅನ್ನಿಸಿತು.

ಭಾನುವಾರ ಹನ್ನೊಂದು ಗಂಟೆಗೆ ಓಣಿಯವರು ಕುರ್ಚಿ ತಂದುಕೊಂಡು ಕೂತರು. ಬಾನೆಟ್ಟಿನ ನಡುವೆ ಕಾಗದದ ಟೇಪು ಅಂಟಿಸಿ, ಸಾಹೇಬರು ಸ್ಕೇಲ್ ಹಿಡಿದು ಎರಡೂ ಕಡೆ ಸಮ ಇದೆಯೆಂದು ದೃಢಪಡಿಸಿದರು. ಮೊದಲು ಯಾವುದೆಂದು ನಾಣ್ಯ ಚಿಮ್ಮಿದಾಗ ಆರ್ಬಿಟಲ್ ಬಂತು. ಬಡಗಿ ಎದೆ ಉಬ್ಬಿಸಿದ. ಮೇಸ್ತ್ರಿ ನಾಣ್ಯವನ್ನು ಪರೀಕ್ಷಿಸಬೇಕೆಂದ.

ಎಡಗಡೆ ಹನ್ನೆರಡು ನಿಮಿಷ ಏನೂ ಅನಾಹುತವಾಗಲಿಲ್ಲ. ಮೆಷಿನ್ ಗುಂಯ್ ಎನ್ನುತ್ತ ಅಲ್ಲಾಡಿತು. ಗುಮಾಸ್ತನ ಕೈ ಅಲ್ಲಾಡಿತು, ಕೆನ್ನೆ ಅಲ್ಲಾಡಿತು, ಕನ್ನಡಕ ಮೂಗಿನ ತುದಿಗೆ ಇಳಿಯಿತು. ಬಟ್ಟೆಯಲ್ಲಿ ಕಾಂಪೌಂಡ್ ಒರೆಸಿ ತೆಗೆದಾಗ ಕುರ್ಚಿಗಳು ಮುಂದೆ ಸರಿದವು. ಒಂದೇ ಒಂದು ಗೀರಿರಲಿಲ್ಲ. ಹೊಂಡದ ನೀರಿನ ಹಾಗೆ ಕಪ್ಪಾಗಿ, ಆಳವಾಗಿ, ಎದುರು ಮನೆಯ ಚಾವಣಿ, ತಂತಿಯ ಮೇಲಿನ ಕಾಗೆ, ಅಜ್ಜಿಯ ಬೀರು ಎಲ್ಲವೂ ಅದರಲ್ಲಿ ಕಾಣುತ್ತಿದ್ದವು. ಹೆಂಡತಿ ಕಿಟಕಿಯ ಒಳಗಿಂದ ನೋಡಿ ಮೊದಲ ಸಲ ಗಂಡನ ವಿಷಯದಲ್ಲಿ ಗೊಂದಲಕ್ಕೆ ಬಿದ್ದಳು. ಗುಮಾಸ್ತನಿಗೆ ತಾನು ನಿಜವಾಗಿಯೂ ತಜ್ಞನೆಂದು ಆಗ ಖಚಿತವಾಯಿತು. ಎರಡನೇ ಮೆಷಿನ್ನನ್ನು ಅವನು ತಜ್ಞನ ಹಾಗೆಯೇ ಎತ್ತಿಕೊಂಡ.

ಗ್ರಾನೈಟಿನ ಮೆಷಿನ್ ಗುಂಯ್ ಎನ್ನಲಿಲ್ಲ, ಕಿರುಚಿತು. ಐದನೇ ನಂಬರಿನಲ್ಲಿ, ಐದು ಕಿಲೋ ಭಾರದಲ್ಲಿ, ಒಂದೇ ಮೊಳೆಯ ಮೇಲೆ ತಿರುಗತೊಡಗಿತು. ಎರಡು ನಿಮಿಷಕ್ಕೇ ಗೀರುಗಳು ಮಾಯವಾಗಿದ್ದವು. ಅಲ್ಲಿಗೆ ನಿಲ್ಲಿಸಿದ್ದರೆ ಮೇಸ್ತ್ರಿ ಗೆಲ್ಲುತ್ತಿದ್ದ. ಅವನು ಕೂಗಿ ಸಾಕು ಎಂದೂ ಹೇಳಿದ. ಸಾಹೇಬರು ಗಡಿಯಾರ ತೋರಿಸಿ, ಇನ್ನೂ ಹತ್ತು ನಿಮಿಷವಿದೆ, ಆ ಕಡೆಗೆ ಕೊಟ್ಟಷ್ಟನ್ನೇ ಈ ಕಡೆಗೂ ಕೊಡಬೇಕು ಎಂದರು. ಆರನೇ ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಯಾರದೋ ಮನೆಯಲ್ಲಿ ಒಲೆ ಆರಿಸುವುದು ಮರೆತಿರಬೇಕೆಂದು ಅಜ್ಜಿ ಊಹಿಸಿದರು. ಗುಮಾಸ್ತನ ಕಣ್ಣು ಗಡಿಯಾರದ ಮೇಲಿತ್ತು, ಮನಸ್ಸು ಐದು ಕಿಲೋದ ಮೇಲಿತ್ತು. ಮೆಷಿನ್ನಿನ ಮೇಲೆ ಏನೂ ಇರಲಿಲ್ಲ. ಬಾನೆಟ್ಟಿನಲ್ಲಿ ಒಂದು ಉಬ್ಬಿದ ಏಣು ಇತ್ತು, ಅಲ್ಲಿ ಬಣ್ಣ ಇನ್ನೂ ತೆಳು. ಪ್ಯಾಡ್ ಆ ಏಣಿನ ಮೇಲೆ ಹೋಗಿ ಬಂದು, ಹೋಗಿ ಬಂದು, ಮೊದಲು ಕಪ್ಪು ಹೋಯಿತು, ಆಮೇಲೆ ಕೆಳಗಿನ ಬೂದು ಬಣ್ಣ ಹೋಯಿತು, ಹನ್ನೆರಡನೇ ನಿಮಿಷಕ್ಕೆ ಸರಿಯಾಗಿ ತಗಡು ನಗತೊಡಗಿತು.

ಮೆಷಿನ್ ನಿಂತಿತು. ಮೊದಲು ಮಾತಾಡಿದವರು ಷಡ್ಡಕರು. ಆರು ವರ್ಷದಲ್ಲಿ ಮೊದಲ ಸಲ ಒಬ್ಬರನ್ನೊಬ್ಬರು ನೋಡಿದರು.

"ಮೆಷಿನ್ನಲ್ಲಿ ದೋಷ ಇಲ್ಲ, ಅಲ್ವಾ ಭಾವ?" ಎಂದ ಮೇಸ್ತ್ರಿ.

"ನಿಮ್ಮ ಮೆಷಿನ್ನಲ್ಲೂ ಇಲ್ಲ, ನಮ್ಮದರಲ್ಲೂ ಇಲ್ಲ," ಎಂದ ಬಡಗಿ. "ಹಿಡ್ಕೊಂಡಿರೋ ಕೈಯಲ್ಲಿದೆ."

ಇಬ್ಬರೂ ತಮ್ಮ ತಮ್ಮ ಮೆಷಿನ್ನಿನ ವೈರು ಸುತ್ತಿಕೊಂಡು ಒಟ್ಟಿಗೇ ಮನೆ ಕಡೆ ನಡೆದರು. ಒಂದು ಸಂಸಾರ ಒಡೆಯದೆ ಇನ್ನೊಂದು ಸಂಸಾರ ಕೂಡುವುದಿಲ್ಲವೇನೋ.

ಸಾಹೇಬರು ಬೈಯಲಿಲ್ಲ. ಜೇಬಿನಿಂದ ಸ್ಕೇಲ್ ತೆಗೆದು ಸುಟ್ಟ ಜಾಗವನ್ನು ಉದ್ದ ಅಗಲ ಅಳೆದು ಚೀಟಿಯಲ್ಲಿ ಬರೆದುಕೊಂಡರು. ಅಂಗೈಯಗಲ. ಗುಮಾಸ್ತ ಕೈಮುಗಿದು ನಿಂತಿದ್ದ. ಪೊಲೀಸರನ್ನು ಕರೆಯುತ್ತಾರೆ, ಇವತ್ತೇ ಸಾಮಾನು ಬೀದಿಗೆ ಬೀಳುತ್ತದೆ ಎಂದು ಕುರ್ಚಿಗಳಲ್ಲಿ ಪಿಸುಮಾತು ನಡೆದಿತ್ತು. ಸಾಹೇಬರು ಮಾತ್ರ ಎಡಗಡೆಗೆ ಬಂದು ಬಾನೆಟ್ಟಿನ ಮೇಲೆ ಬಾಗಿದರು.

"ಇಲ್ಲಿ ನನ್ನ ಮುಖ ಕಾಣ್ತಿದೆ," ಎಂದರು ಮೆಲ್ಲಗೆ. "ಶೋರೂಮಿಂದ ತಂದ ದಿನ ಕಂಡಿತ್ತು. ಆಮೇಲೆ ಇವತ್ತೇ."

ಗುಮಾಸ್ತನಿಗೆ ಜೀವ ಬಂತು. ಸುಟ್ಟದ್ದು ಅಂಗೈಯಗಲ, ಹೊಳೆದದ್ದು ಅರ್ಧ ಬಾನೆಟ್ಟು. ತೂಕ ಮಾಡಿದರೆ ಯಾವ ತಟ್ಟೆ ಕೆಳಗೆ ಹೋಗುತ್ತದೆಂದು ಹೇಳಬೇಕಾಗಿಯೇ ಇಲ್ಲ.

"ಹಾಗಾದ್ರೆ ಸರ್, ನಿಮಗೆ ಒಪ್ಪಿಗೆ ಆಯ್ತು ಅಂತ ತಿಳ್ಕೊಳ್ಳಲಾ?"

"ಪೂರ್ತಿ ಒಪ್ಪಿಗೆ. ಆ ಸುಟ್ಟ ಕಡೆಗೆ ಬಣ್ಣ ಹೊಡೆಸ್ತೀನಿ. ಆಮೇಲೆ ಇಡೀ ಕಾರಿಗೆ ಬಡಗಿ ಕೈಲಿ ಇದೇ ಥರ ಮಾಡಿಸ್ತೀನಿ."

"ಅಂದ್ರೆ ಶೆಡ್ಡಿನ ವಿಚಾರ ಬಿಟ್ಟ ಹಾಗೇ ಅಲ್ವಾ ಸರ್?"

ಸಾಹೇಬರು ನೆಟ್ಟಗಾಗಿ, ಇಷ್ಟು ದೊಡ್ಡ ತಜ್ಞ ಇಷ್ಟು ದಡ್ಡ ಪ್ರಶ್ನೆ ಕೇಳಬಹುದೇ ಎಂಬಂತೆ ನೋಡಿದರು.

"ಇಂಥಾ ಬಣ್ಣಾನ ಯಾರಾದ್ರೂ ಬಿಸಿಲಲ್ಲಿ ನಿಲ್ಲಿಸ್ತಾರೇನ್ರೀ? ಹಳೇ ಬಣ್ಣ ಆಗಿದ್ರೆ ತಿಂಗಳ ಕೊನೆವರೆಗೆ ತಡೀಬಹುದಿತ್ತು. ಇನ್ನು ಹನ್ನೊಂದು ದಿನಕ್ಕೆ ಕಾರು ಸಿದ್ಧ ಆಗುತ್ತೆ. ಅಷ್ಟರಲ್ಲಿ ಗೋಡೆ ಒಡೆದು ಶೆಡ್ಡು ಆಗಿರಬೇಕು. ನೀವು ಈ ವಾರದಲ್ಲೇ ಖಾಲಿ ಮಾಡಿ."

ಗುಮಾಸ್ತ ಕಿಟಕಿಯ ಬಳಿಗೆ ಬಂದ. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅತ್ತಿರಲಿಲ್ಲ. ಕಾಲರು ಕೂರಿಸುವಾಗ ಬಟ್ಟೆ ನೋಡುವ ಹಾಗೆ ಗಂಡನನ್ನು ನೋಡಿದಳು.

"ಎರಡೂ ಕಡೆ ಸುಟ್ಟಿದ್ರೆ ಉಳ್ಕೊಳ್ತಿದ್ವಲ್ಲ," ಎಂದಳು. "ತಗಡಿಗೆ ಯಾರೂ ಶೆಡ್ಡು ಕಟ್ಟಿಸಲ್ಲ. ಒಂದು ಕಡೆ ಸರಿಯಾಗಿ ಮಾಡು ಅಂತ ನಿಮಗೆ ಯಾರು ಹೇಳಿದ್ರು?"

ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಹೆಂಡತಿಯ ಮಾತನ್ನು ಗುಮಾಸ್ತ ಕೂಡಲೇ ಪಾಲಿಸಿದ್ದು ಅದೊಂದೇ ಸಲ. ಓಡುತ್ತ ಮೇಸ್ತ್ರಿಯ ಮನೆಗೆ ಹೋದ. ಅಲ್ಲಿ ಷಡ್ಡಕರು ಒಂದೇ ತಟ್ಟೆಯಲ್ಲಿ ಕಡಲೆ ತಿನ್ನುತ್ತ ಕೂತಿದ್ದರು. ಮಾತಿಲ್ಲದೆ ಗ್ರಾನೈಟಿನ ಮೆಷಿನ್ ಎತ್ತಿಕೊಂಡು ಮರಳಿ ಬಂದ.

"ಸರ್, ನ್ಯಾಯ ಅಂದ್ರೆ ನ್ಯಾಯ," ಎಂದು ಏದುಸಿರು ಬಿಡುತ್ತ ಹೇಳಿದ. "ಆ ಅರ್ಧಕ್ಕೂ ಹನ್ನೆರಡು ನಿಮಿಷ ರೋಟರಿ ಹಾಕಿಬಿಡ್ತೀನಿ. ಇಲ್ಲದಿದ್ರೆ ಹೋಲಿಕೆ ಪೂರ್ತಿ ಆಗಲ್ಲ."

ಸಾಹೇಬರು ಆಗಲೇ ಎಡಗಡೆಯ ಬಾನೆಟ್ಟಿನ ಮೇಲೆ ತಮ್ಮ ಹಾಸಿಗೆಯ ಕಂಬಳಿ ಹೊದಿಸಿ, ಅದರ ಮೇಲೆ ಎರಡೂ ಕೈ ಚಾಚಿ ಮಲಗಿದ ಹಾಗೆ ನಿಂತಿದ್ದರು. ಮುದ್ರೆ ಬಿದ್ದ ತೂಕವನ್ನು ಮತ್ತೆ ತೂಗುವ ಪದ್ಧತಿ ಇಲ್ಲ ಎಂದರು. ಗುಮಾಸ್ತ ಪ್ಲಗ್ಗು ಹಿಡಿದು ಜಾಗ ಹುಡುಕಿದ. ಪ್ಲಗ್ಗು ಚುಚ್ಚುವ ಜಾಗ ಸಾಹೇಬರ ಗೋಡೆಯಲ್ಲಿತ್ತು, ಅದರ ಮುಂದೆ ಕಾರೂ ಕಾರಿನ ಮೇಲೆ ಸಾಹೇಬರೂ ಇದ್ದರು.

ಗುರುವಾರ ಸಾಮಾನು ಗಾಡಿಗೆ ಏರಿತು. ಹೊಸ ಮನೆ ಊರಾಚೆ, ಮೂರನೇ ಮಹಡಿಯಲ್ಲಿ, ಒಂದೇ ಕೋಣೆ. ಕಿಟಕಿ ಇದೆ, ಆದರೆ ಅದರ ಹೊರಗೆ ನಿಂತು ಅಳತೆ ಕೊಡಬೇಕಾದರೆ ಗಿರಾಕಿಗೆ ರೆಕ್ಕೆ ಬೇಕು. ಓಣಿಯವರು ಬಂದು ಬೀಳ್ಕೊಟ್ಟರು. ಅಜ್ಜಿ ಬೀರುವಿನ ಬಗ್ಗೆ ಕೊನೆಯ ಸಲ ವಿಚಾರಿಸಿದರು. ಗಾಡಿ ಹೊರಡುವಾಗ ಗೋಡೆ ಒಡೆಯುವವರು ಮುಂದಿನ ಕೋಣೆಯ ಕಿಟಕಿಯ ಚೌಕಟ್ಟು ಕಳಚುತ್ತಿದ್ದರು, ನೆಲ ಮೇಸ್ತ್ರಿಯದು, ಬಾಗಿಲು ಬಡಗಿಯದು ಎಂದು ಕೆಲಸ ಹಂಚಿಕೆಯಾಗಿತ್ತು.

ಒಟ್ಟಾರೆ ಹೋದದ್ದು ಇಷ್ಟು: ಅಂಗೈಯಗಲ ಬಣ್ಣ, ಎರಡು ಕೋಣೆ, ಒಂದು ಅಡುಗೆಮನೆ, ಮೂವತ್ತೆಂಟು ಗಿರಾಕಿ.